ಎರಡನೇ ಪುಟದಲ್ಲಿ ಹುಟ್ಟಿದ ಎರಡಕ್ಷರ

(ಊರಿನ ಗ್ರಂಥಾಲಯದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳು ಮತ್ತು ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈಗ ತಾನೇ ಮೈಕ್ ಸರಿಮಾಡಿದ ಹುಡುಗ ಹಿಂದಿನ ಸಾಲಿನ ಕಡೆ ನೋಡಿ ‘ಓಕೆನಾ?’ ಅಂತ ಕೇಳಿದ. ಅಲ್ಲಿಂದ ‘ಓಕೆ ಓಕೆ’ ಅಂತ ಉತ್ತರ ಬಂತು. ನಾನು ಇವತ್ತು ಮಾತಾಡಬೇಕು ಅಂದುಕೊಂಡು ಬಂದಿರುವುದು ಆ ಎರಡಕ್ಷರದ ಬಗ್ಗೆಯೇ.

ಓಕೆ ನಮ್ಮ ಬಾಯಲ್ಲಿ ಎಷ್ಟು ಪಳಗಿದೆ ನೋಡಿ. ಲೋನ್ ಓಕೆ ಆಯ್ತು ಅನ್ನುತ್ತೇವೆ. ಸಾಹೇಬರು ಫೈಲ್ ಓಕೆ ಮಾಡಿದರು ಅನ್ನುತ್ತೇವೆ. ಸಿನಿಮಾ ಸೆಟ್‌ನಲ್ಲಿ ‘ಶಾಟ್ ಓಕೆ’ ಅಂದ ಮೇಲೇ ಲೈಟ್‌ ಹುಡುಗರು ಉಸಿರು ಬಿಡುತ್ತಾರೆ. ನಾನು ಬಹಳ ವರ್ಷ ಪತ್ರಿಕೆಯ ಡೆಸ್ಕ್‌ನಲ್ಲಿ ಕೂತು ಕೆಲಸ ಮಾಡಿದವನು. ರಾತ್ರಿ ಪುಟದ ಪ್ರೂಫ್ ಕೈಗೆ ಬಂದಾಗ, ಕಣ್ಣಾಡಿಸಿ, ತಪ್ಪು ತಿದ್ದಿ, ಕೊನೆಗೆ ಮೂಲೆಯಲ್ಲಿ ಕೆಂಪು ಶಾಯಿಯಿಂದ ‘ಓಕೆ’ ಬರೆದು ಕೆಳಗೆ ಸಣ್ಣ ಸಹಿ ಹಾಕುತ್ತಿದ್ದೆ. ಅದು ಬೀಳದೆ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ಹಾಗೆ ಬರೆಯುವಾಗೆಲ್ಲ ಈ ಪದ ಹುಟ್ಟಿದ್ದೂ ಪತ್ರಿಕೆಯ ಪುಟದಲ್ಲೇ ಅನ್ನುವುದು ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ಆದ ಖುಷಿಯನ್ನು ನಿಮ್ಮ ಜೊತೆ ಹಂಚಿಕೊಳ್ಳಬೇಕು ಅನ್ನುವ ಆಸೆಯೇ ಇಲ್ಲಿಗೆ ಕರೆತಂದಿದೆ.

ಜಗತ್ತಿನ ಅತಿ ಹೆಚ್ಚು ಜನರ ಬಾಯಲ್ಲಿರುವ ಪದಗಳಲ್ಲಿ ಇದೂ ಒಂದು. ಆದರೂ ಇದರ ಹುಟ್ಟಿದ ದಿನವನ್ನೇ ಬೆರಳಿಟ್ಟು ತೋರಿಸಬಹುದು. ಅಚ್ಚಿನಲ್ಲಿ ಸಿಕ್ಕಿರುವ ಅತಿ ಹಳೆಯ ಓಕೆ 1839ರ ಮಾರ್ಚ್ 23ರದ್ದು. ಅವತ್ತು ಶನಿವಾರ. ಊರು ಅಮೆರಿಕದ ಬಾಸ್ಟನ್. ಪತ್ರಿಕೆ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’. ಸಂಪಾದಕರು ಚಾರ್ಲ್ಸ್ ಗಾರ್ಡನ್ ಗ್ರೀನ್. ಪುಟ ಎರಡು.

ಎಷ್ಟು ಹಳೆಯದು ಅಂತ ಅಂದಾಜು ಸಿಗಲಿ ಅಂತ ಒಂದು ಮಾತು. ನಮ್ಮ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ತಂದಿದ್ದು 1843ರ ಜುಲೈ 1ರಂದು. ಅಂದರೆ ಓಕೆ ನಮ್ಮ ಮೊದಲ ಪತ್ರಿಕೆಗಿಂತ ನಾಲ್ಕು ವರ್ಷ ದೊಡ್ಡದು.

ಈಗ ಆ ಸಾಲಿಗೆ ಬರೋಣ. ‘ಮೊದಲ ಸಲ ಬಳಕೆಯಾದದ್ದು 1839ರಲ್ಲಿ’ ಅಂತ ಒಂದು ವಾಕ್ಯ ಓದಿ ಮುಂದೆ ಹೋಗುವವರೇ ಜಾಸ್ತಿ. ನಾನೂ ಮೊದಲು ಹಾಗೇ ಮಾಡಿದ್ದೆ. ಆ ಸುದ್ದಿಯನ್ನು ಇಡಿಯಾಗಿ ಓದಿದಾಗಲೇ ಪದದ ಸುತ್ತ ಇದ್ದ ಜನ, ಗಲಾಟೆ, ನಗು ಎಲ್ಲ ಕಂಡದ್ದು.

ಹಿನ್ನೆಲೆ ಹೀಗಿದೆ. ಬಾಸ್ಟನ್‌ನಲ್ಲಿ ಊಟದ ಗಂಟೆ ಬಾರಿಸಬಾರದು ಅಂತ ನಗರಸಭೆ ಒಂದು ನಿಯಮ ಮಾಡಿತ್ತು. ಅದನ್ನು ಆಡಿಕೊಳ್ಳಲು ಕೆಲವರು 1838ರಲ್ಲಿ ಒಂದು ಸಂಘ ಕಟ್ಟಿಕೊಂಡರು. ಅದಕ್ಕೆ ಇಟ್ಟ ಹೆಸರು ‘ಗಂಟೆ ಬಾರಿಸುವುದರ ವಿರೋಧಿ ಸಂಘ’! ಹೆಸರು ಒಂದು, ಮಾಡುವುದು ಅದರ ಉಲ್ಟಾ. ಊಟ, ಪಾನ, ಭಾಷಣ, ಮೆರವಣಿಗೆ, ಇದೇ ಅವರ ಕಾರ್ಯಕ್ರಮ. ಗ್ರೀನ್ ಅವರಿಗೆ ಈ ಸಂಘದ ಸುದ್ದಿ ಬರೆಯುವುದೆಂದರೆ ಬಲು ಇಷ್ಟ.

ಸಂಘದ ಒಂದು ನಿಯೋಗ ಹಡಗಿನಲ್ಲಿ ನ್ಯೂಯಾರ್ಕ್‌ಗೆ ಹೊರಟಿತು. ಪಕ್ಕದ ಊರು ಪ್ರಾವಿಡೆನ್ಸ್‌ನ ‘ಜರ್ನಲ್’ ಪತ್ರಿಕೆ, ಇವರೆಲ್ಲ ನಮ್ಮ ಊರಿನ ಮೂಲಕ ಹಾದುಹೋಗುತ್ತಾರೆ ಅಂತ ಬರೆದುಬಿಟ್ಟಿತು. ಗ್ರೀನ್ ಆ ತುಣುಕನ್ನೇ ತಮ್ಮ ಪತ್ರಿಕೆಯಲ್ಲಿ ಹಾಕಿಕೊಂಡು, ಕೆಳಗೆ ಉತ್ತರ ಕೊಟ್ಟರು. ಜರ್ನಲ್‌ನವರು ಸ್ವಲ್ಪ ಅವಸರ ಮಾಡಿದ್ದಾರೆ. ಪ್ರಾವಿಡೆನ್ಸ್ ಮೂಲಕ ಹೋಗುತ್ತೇವೆ ಅಂತ ನಾವು ಹೇಳೇ ಇಲ್ಲ. ‘ರಿಚ್ಮಂಡ್’ ಹಡಗಿನಲ್ಲಿ ನ್ಯೂಯಾರ್ಕ್‌ಗೆ ಹೋಗುತ್ತಾರೆ ಅಂದಿದ್ದೆವು, ಹೋದರು. ಇಷ್ಟು ಹೇಳಿ ಮುಂದೆ ಬರೆಯುತ್ತಾರೆ. ನನ್ನ ಕನ್ನಡದಲ್ಲಿ ಹೇಳುವುದಾದರೆ:

ಆ ನಿಯೋಗದಲ್ಲಿರುವ ಸಮಿತಿ ಚೇರ್ಮನ್ ಒಂದು ವೇಳೆ ಪ್ರಾವಿಡೆನ್ಸ್ ಮಾರ್ಗವಾಗಿ ಬಾಸ್ಟನ್‌ಗೆ ವಾಪಸಾದರೆ, ಜರ್ನಲ್‌ನ ಆ ಮಹಾಶಯರೂ ಅವರ ದಂಡೂ ಕಾಣಿಕೆ ಡಬ್ಬಿ ವಗೈರೆಗಳನ್ನು ಓ.ಕೆ. — ಎಲ್ಲ ಸರಿ — ಮಾಡಿಟ್ಟುಕೊಂಡು, ಬಿರಡೆಗಳು ಕಿಡಿಗಳ ಹಾಗೆ ಮೇಲಕ್ಕೆ ಹಾರುವಂತೆ ಮಾಡಿಯಾರು.

ಇಷ್ಟೇ. ಒಬ್ಬ ಸಂಪಾದಕ ಇನ್ನೊಬ್ಬ ಸಂಪಾದಕನ ಕಾಲೆಳೆದದ್ದು. ಆದರೆ ಸಾಲನ್ನು ಹತ್ತಿರದಿಂದ ನೋಡಿ. ಬಿರಡೆ ಹಾರುವುದು ಅಂದರೆ ಬಾಟಲಿ ತೆರೆಯುವುದು, ಅದು ಗೊತ್ತಾಗುತ್ತದೆ. ಕಿಡಿ ಯಾಕೆ ಬಂತು? ಬೈಬಲ್‌ನ ಯೋಬನ ಗ್ರಂಥದಲ್ಲಿ ಒಂದು ಮಾತಿದೆ: ಕಿಡಿಗಳು ಮೇಲಕ್ಕೆ ಹಾರುವಂತೆ ಮನುಷ್ಯ ಕಷ್ಟಕ್ಕೇ ಹುಟ್ಟಿದ್ದಾನೆ ಅಂತ. ಭಾನುವಾರ ಚರ್ಚ್‌ನಲ್ಲಿ ಕೇಳುವ ಗಂಭೀರ ಮಾತನ್ನು ತಂದು ಶನಿವಾರದ ಪತ್ರಿಕೆಯಲ್ಲಿ ಬಾಟಲಿಯ ಬಿರಡೆಗೆ ಅಂಟಿಸಿದ್ದಾರೆ. ನಮ್ಮ ಹಳ್ಳಿ ಕಟ್ಟೆಯಲ್ಲಿ ಯಾರೋ ದಾಸರ ಪದದ ಒಂದು ಸಾಲನ್ನು ಬಜ್ಜಿ ತಟ್ಟೆಯ ಮುಂದೆ ಹೇಳಿದ ಹಾಗೆ. ಓದಿದವರಿಗೆ ತಕ್ಷಣ ಹೊಳೆದಿರುತ್ತದೆ.

ಇನ್ನೊಂದು ವಿಷಯ. ಓ.ಕೆ. ಸಣ್ಣ ಅಕ್ಷರದಲ್ಲಿದೆ, ಚುಕ್ಕಿಗಳಿವೆ, ಪಕ್ಕದಲ್ಲೇ ಎರಡು ಅಡ್ಡಗೆರೆಗಳ ನಡುವೆ ಅರ್ಥವೂ ಇದೆ. ಈ ಅರ್ಥ ಹೇಳಿರುವುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಎಲ್ಲರಿಗೂ ಗೊತ್ತಿರುವ ಪದಕ್ಕೆ ಯಾರೂ ಅರ್ಥ ಬರೆಯುವುದಿಲ್ಲ. ‘ಅವರು ಅನ್ನ, ಅಂದರೆ ಬೇಯಿಸಿದ ಅಕ್ಕಿ, ತಿಂದರು’ ಅಂತ ಯಾವ ವರದಿಗಾರನೂ ಬರೆಯಲ್ಲ ಅಲ್ವಾ? ಡೆಸ್ಕ್‌ನಲ್ಲಿ ಕೂತವನಿಗೆ ಒಂದು ಅಂಜಿಕೆ ಇರುತ್ತದೆ, ಓದುಗನಿಗೆ ಇದು ತಿಳಿಯುತ್ತೋ ಇಲ್ಲವೋ ಅಂತ. ಆ ಅಂಜಿಕೆ ಇದ್ದಾಗಲೇ ಅರ್ಥ ಪಕ್ಕಕ್ಕೆ ಬಂದು ಕೂರುವುದು. ಪದ ಇನ್ನೂ ಹಸಿಯಾಗಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ.

ಸರಿ, ‘ಎಲ್ಲ ಸರಿ’ ಅನ್ನುವುದು ಓಕೆ ಹೇಗಾಯಿತು? ಇಂಗ್ಲಿಷ್‌ನಲ್ಲಿ ಆಲ್ ಕರೆಕ್ಟ್. ಸರಿಯಾಗಿ ಬರೆದರೆ ಮೊದಲ ಅಕ್ಷರಗಳು ಎ ಮತ್ತು ಸಿ. ಬೇಕಂತಲೇ ಕಾಗುಣಿತ ಕೆಡಿಸಿ, ಉಚ್ಚಾರಣೆಗೆ ತಕ್ಕ ಹಾಗೆ ‘oll korrect’ ಅಂತ ಬರೆದರೆ ಓ ಮತ್ತು ಕೆ. ನಮ್ಮ ಭಾಷೆಯಲ್ಲೇ ಮಾಡಿ ನೋಡೋಣ. ‘ಎಲ್ಲ ಸರಿ’ ಅನ್ನುವುದನ್ನು ಯಾರೋ ‘ಯಲ್ಲ ಶರಿ’ ಅಂತ ಬರೆದರು ಅಂದುಕೊಳ್ಳಿ. ಅದನ್ನು ‘ಯ.ಶ.’ ಅಂತ ಚಿಕ್ಕದು ಮಾಡಿದರು. ನಾಳೆ ಪತ್ರಿಕೆಯಲ್ಲಿ ‘ರಸ್ತೆ ರಿಪೇರಿ ಯ.ಶ.’ ಅಂತ ಬಂತು. ಎಲ್ಲ ಶುರುವಾದದ್ದು ಇಷ್ಟರಿಂದಲೇ. ಎಲ್ಲವೂ ಸರಿಯಿದೆ ಅಂತ ಹೇಳುವ ಮಾತೇ ತಪ್ಪು ಕಾಗುಣಿತದಲ್ಲಿದೆ. ಅವರಿಗೆ ನಗು ಬಂದದ್ದು ಅಲ್ಲೇ.

ಆ ಕಾಲದಲ್ಲಿ ಬಾಸ್ಟನ್ ಪತ್ರಿಕೆಗಳಿಗೆ ಈ ಹುಚ್ಚು ಜೋರಾಗಿ ಹಿಡಿದಿತ್ತು. 1838ರ ಬೇಸಿಗೆಯಿಂದಲೇ ಶುರು. ನೋ ಗೋ, ಅಂದರೆ ಇದು ನಡೆಯಲ್ಲ ಅನ್ನುವುದಕ್ಕೆ ಎನ್.ಜಿ. ಸ್ಮಾಲ್ ಪೊಟೇಟೋಸ್, ಅಂದರೆ ಸಣ್ಣಪುಟ್ಟ ಆಸಾಮಿ ಅನ್ನುವುದಕ್ಕೆ ಎಸ್.ಪಿ. ಗಾನ್ ಟು ಟೆಕ್ಸಸ್ ಅನ್ನುವುದಕ್ಕೆ ಜಿ.ಟಿ. ಟೆಕ್ಸಸ್ ಆಗಿನ್ನೂ ಅಮೆರಿಕಕ್ಕೆ ಸೇರಿರಲಿಲ್ಲ, ಬೇರೆ ದೇಶವಾಗಿತ್ತು. ಸಾಲ ತೀರಿಸಲಾಗದವರು ರಾತ್ರೋರಾತ್ರಿ ಅಲ್ಲಿಗೆ ಓಡಿಹೋಗುತ್ತಿದ್ದರು. ಹಾಗೆಯೇ ‘ಆಲ್ ರೈಟ್’ ಅನ್ನುವುದನ್ನೂ ‘oll wright’ ಅಂತ ಕೆಡಿಸಿ ಓ.ಡಬ್ಲ್ಯು. ಅಂತ ಬರೆದರು. ಇದು ಓಕೆಯ ಒಡಹುಟ್ಟು. ಪಾಪ, ಇವತ್ತು ಯಾರಿಗೂ ಗೊತ್ತಿಲ್ಲ.

ನಮಗೆ ಈ ಚಿಕ್ಕದು ಮಾಡುವ ಆಸೆ ಹೊಸದೇನೂ ಅಲ್ಲ. ಕುವೆಂಪು, ಡಿವಿಜಿ, ತರಾಸು, ಕಸಾಪ ಅಂತ ಹೇಳಿ ಬೆಳೆದವರು ನಾವು. ಪೂರ್ತಿ ಹೆಸರು ಕೇಳಿದರೆ ಒಂದು ಕ್ಷಣ ಯೋಚಿಸಬೇಕಾಗುತ್ತದೆ.

ಒಂದು ಊರಿನ ಚೇಷ್ಟೆ ಬೇರೆ ಊರಿಗೆ ಹೇಗೆ ಹೋಯಿತು ಅಂತ ನೀವು ಕೇಳಬೇಕು. ಆಗ ಟೆಲಿಗ್ರಾಫ್ ಕೂಡ ಇರಲಿಲ್ಲ. ಇಲ್ಲಿ ಅಂಚೆ ಇಲಾಖೆಯ ಒಂದು ಕಾನೂನು ಕೆಲಸ ಮಾಡಿದೆ. ಅಮೆರಿಕದಲ್ಲಿ 1792ರ ಅಂಚೆ ಕಾಯ್ದೆ ಪ್ರಕಾರ ಒಬ್ಬ ಪತ್ರಿಕಾ ಮುದ್ರಕ ತನ್ನ ಪತ್ರಿಕೆಯ ಒಂದು ಪ್ರತಿಯನ್ನು ದೇಶದ ಬೇರೆ ಪ್ರತಿಯೊಬ್ಬ ಮುದ್ರಕನಿಗೂ ಅಂಚೆ ಖರ್ಚಿಲ್ಲದೆ ಕಳಿಸಬಹುದಿತ್ತು. ಹಾಗಾಗಿ ಪ್ರತಿ ಸಂಪಾದಕನ ಮೇಜಿನ ಮೇಲೂ ಬೇರೆ ಊರುಗಳ ಪತ್ರಿಕೆಗಳ ರಾಶಿ ಬೀಳುತ್ತಿತ್ತು. ಕೈಯಲ್ಲಿ ಕತ್ತರಿ, ಪಕ್ಕದಲ್ಲಿ ಗೋಂದು. ಚೆನ್ನಾಗಿದ್ದದ್ದನ್ನು ಕತ್ತರಿಸಿ ಹಾಕಿಕೊಳ್ಳುವುದೇ ಸುದ್ದಿ ಸಂಗ್ರಹ. ಗ್ರೀನ್ ಅವರ ಸಾಲು ಕೂಡ ಹೀಗೆ ಪ್ರಾವಿಡೆನ್ಸ್‌ನಿಂದ ಬಂದ ಪತ್ರಿಕೆಗೆ ಕೊಟ್ಟ ಉತ್ತರವೇ ತಾನೆ? ನನಗಂತೂ ಈ ಬಿಟ್ಟಿ ಅಂಚೆ ಇಲ್ಲದಿದ್ದರೆ ಓಕೆ ಬಾಸ್ಟನ್‌ನಲ್ಲೇ ಬತ್ತಿಹೋಗುತ್ತಿತ್ತು ಅನ್ನಿಸುತ್ತದೆ.

ಅದೇ ವರ್ಷದ ಅಕ್ಟೋಬರ್‌ಗೆ ಬನ್ನಿ. ಫಿಲಡೆಲ್ಫಿಯಾದ ದೊಡ್ಡ ಬ್ಯಾಂಕ್ ಅಕ್ಟೋಬರ್ 9ರಂದು ನೋಟಿಗೆ ಬದಲಾಗಿ ಚಿನ್ನ ಬೆಳ್ಳಿ ಕೊಡುವುದನ್ನು ನಿಲ್ಲಿಸಿತು. ಜನರಿಗೆ ಗಾಬರಿ. ಎರಡು ದಿನ ಬಿಟ್ಟು ‘ಬಾಸ್ಟನ್ ಈವ್ನಿಂಗ್ ಟ್ರಾನ್ಸ್‌ಕ್ರಿಪ್ಟ್’ ಪತ್ರಿಕೆ ಬರೆಯಿತು: ನಮ್ಮ ಬ್ಯಾಂಕ್ ನಿರ್ದೇಶಕರು ಈ ಬಗ್ಗೆ ಸಭೆ ಕರೆಯುವ ಅಗತ್ಯವನ್ನೂ ಕಂಡಿಲ್ಲ, ಈ ಕಡೆ ಎಲ್ಲ ಓ.ಕೆ. ಮತ್ತೆ ಪಕ್ಕದಲ್ಲಿ, ಈ ಸಲ ಕಂಸದೊಳಗೆ, ಅದೇ ಅರ್ಥ.

ಮಾರ್ಚ್‌ನಲ್ಲಿ ಬಾಟಲಿ ಬಿರಡೆ, ಅಕ್ಟೋಬರ್‌ನಲ್ಲಿ ಬ್ಯಾಂಕ್ ಠೇವಣಿ. ಏಳು ತಿಂಗಳೂ ಆಗಿಲ್ಲ. ಚೇಷ್ಟೆಯ ಪದ ಜನರ ದುಡ್ಡಿಗೆ ಭರವಸೆ ಹೇಳುವ ಕೆಲಸಕ್ಕೆ ಬಂತು. ಅರ್ಥ ಹೇಳುವುದು ಮಾತ್ರ ಇನ್ನೂ ನಿಂತಿಲ್ಲ.

ಆದರೂ ಉಳಿದವೆಲ್ಲ ಸತ್ತು ಇದೊಂದೇ ಯಾಕೆ ಬದುಕಿತು? 1840 ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆಯ ವರ್ಷ. ಅಧ್ಯಕ್ಷರಾಗಿದ್ದ ಮಾರ್ಟಿನ್ ವ್ಯಾನ್ ಬ್ಯೂರನ್ ಮತ್ತೆ ನಿಂತಿದ್ದರು. ಅವರ ಊರು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್. ಪ್ರೀತಿಯಿಂದ ‘ಓಲ್ಡ್ ಕಿಂಡರ್‌ಹುಕ್’, ಅಂದರೆ ಕಿಂಡರ್‌ಹುಕ್ ಅಜ್ಜ ಅಂತ ಕರೆಯುತ್ತಿದ್ದರು. ಮೊದಲ ಅಕ್ಷರಗಳು ನೋಡಿ, ಓ ಮತ್ತು ಕೆ! ನ್ಯೂಯಾರ್ಕ್‌ನಲ್ಲಿ ಅವರ ಬೆಂಬಲಿಗರು ‘ಓ.ಕೆ. ಕ್ಲಬ್’ ಕಟ್ಟಿದರು. 1840ರ ಮಾರ್ಚ್ 24ರಂದು ಸಭೆ ಸೇರಬೇಕು ಅಂತ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟರು. ಕೆಲವೇ ದಿನದಲ್ಲಿ ವಿರೋಧಿಗಳ ಸಭೆಗೆ ನುಗ್ಗಿ ಗಲಾಟೆ ಮಾಡಿದರು. ಮಾರನೇ ದಿನ ಎಲ್ಲ ಪತ್ರಿಕೆಗಳಲ್ಲೂ ಓ.ಕೆ.

ವಿರೋಧಿಗಳು ಸುಮ್ನೆ ಇರುತ್ತಾರಾ? ಅವರೂ ಅದೇ ಕಾಗುಣಿತ ಕೆಡಿಸುವ ಆಟ ಆಡಿದರು. ಕ್ಯಾಶ್, ಕ್ರೆಡಿಟ್ ಪದಗಳನ್ನು ಕೆ ಅಕ್ಷರದಿಂದ ಬರೆದು, ಓ.ಕೆ. ಅಂದರೆ ಔಟ್ ಆಫ್ ಕ್ಯಾಶ್, ಔಟ್ ಆಫ್ ಕ್ರೆಡಿಟ್ ಅಂತ ಬರೆದರು. ಕೈಯಲ್ಲಿ ಕಾಸಿಲ್ಲ, ಊರಲ್ಲಿ ಸಾಲ ಹುಟ್ಟಲ್ಲ ಅಂತ ಅರ್ಥ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹಿಂದಿನ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಮೇಲೆ ಕತೆ ಕಟ್ಟಿದರು. ಜಾಕ್ಸನ್‌ಗೆ ಕಾಗುಣಿತ ಬರುತ್ತಿರಲಿಲ್ಲ, ಕಾಗದಪತ್ರ ಸರಿಯಿದೆ ಅಂತ ಬರೆಯಲು ಹೋಗಿ ಓ.ಕೆ. ಅಂತ ಗೀಚಿದರು, ಅದೇ ಶುರು ಅಂತ. ಇದು ಚುನಾವಣೆಯ ಬಿಸಿಯಲ್ಲಿ ಹುಟ್ಟಿದ ಕತೆ. ಆದರೆ ಕೇಳಲು ಸೊಗಸಾಗಿದೆ. ಅದಕ್ಕೇ ಇವತ್ತಿಗೂ ಓಡಾಡುತ್ತಿದೆ.

ವ್ಯಾನ್ ಬ್ಯೂರನ್ ಸೋತರು. ರಾಜ್ಯಗಳ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ 234 ಮತಕ್ಕೆ ಎದುರಾಗಿ 60. ಓಲ್ಡ್ ಕಿಂಡರ್‌ಹುಕ್ ಮನೆಗೆ ಹೋದರು, ಅವರ ಎರಡಕ್ಷರ ಊರೂರಿನಲ್ಲಿ ಉಳಿಯಿತು. 1844ರಲ್ಲಿ ಮೋರ್ಸ್ ಟೆಲಿಗ್ರಾಫ್ ಶುರುವಾಯಿತು. ತಂತಿಯ ಕೆಲಸದವರಿಗೆ ಎರಡೇ ಅಕ್ಷರದ ಪದ ಹಬ್ಬದಂತೆ ಸಿಕ್ಕಿತು. ಸಂದೇಶ ತಲುಪಿತು ಅನ್ನುವುದಕ್ಕೆ ಓ.ಕೆ. ಬಡಿದರೆ ಸಾಕು.

ಈಗ ಕತೆಗಳ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಹಲವರು ಯಾವುದೋ ಒಂದನ್ನು ಕೇಳಿರುತ್ತೀರಿ. ಗ್ರೀಕ್ ಭಾಷೆಯ ‘ಓಲಾ ಕಾಲಾ’, ಎಲ್ಲ ಚೆನ್ನಾಗಿದೆ ಅನ್ನುವುದರಿಂದ ಬಂತು ಅನ್ನುತ್ತಾರೆ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಕೊಟ್ಟ ಬಿಸ್ಕತ್ತಿನ ಮೇಲೆ ಓರಿನ್ ಕೆಂಡಾಲ್ ಕಂಪನಿಯ ಹೆಸರಿನ ಅಕ್ಷರಗಳಿದ್ದವು ಅನ್ನುತ್ತಾರೆ. ಆ ಯುದ್ಧ ಶುರುವಾದದ್ದೇ 1861ರಲ್ಲಿ. ಓಕೆಗೆ ಆಗ 22 ವರ್ಷ. ಹಾಗಾಗಿ ಬಿಸ್ಕತ್ತನ್ನು ಪಕ್ಕಕ್ಕಿಡಬಹುದು.

ಚಾಕ್ಟಾ ಬುಡಕಟ್ಟಿನವರ ಭಾಷೆಯಲ್ಲಿ ‘ಹೌದು, ಹಾಗೇ’ ಅನ್ನುವ ಅರ್ಥದ ‘ಓಕೆ’ಯಂಥ ಪದ ನಿಜಕ್ಕೂ ಇದೆ. ಅಧ್ಯಕ್ಷ ವುಡ್ರೋ ವಿಲ್ಸನ್ ಇದನ್ನೇ ನಂಬಿ, ಕಡತಗಳ ಮೇಲೆ ಚಾಕ್ಟಾ ರೀತಿಯ ಕಾಗುಣಿತದಲ್ಲೇ ಬರೆಯುತ್ತಿದ್ದರು. ಪಶ್ಚಿಮ ಆಫ್ರಿಕಾದ ವೊಲೊಫ್ ಭಾಷೆಯಲ್ಲಿ ‘ವಾವ್ ಕೇ’ ಅಂದರೆ ಹೌದು ಹೌದು. ಗುಲಾಮರಾಗಿ ಬಂದವರ ಬಾಯಿಂದ ಬಂದಿರಬಹುದು ಅನ್ನುವ ವಾದವೂ ಇದೆ. ಈ ಎರಡನ್ನೂ ನಾನು ಬಿಸ್ಕತ್ತಿನ ಸಾಲಿಗೆ ಸೇರಿಸಲಾರೆ. ಆಡುವವರ ಪದಗಳು ಎಷ್ಟೋ ಸಲ ಅಚ್ಚಿಗೆ ಬರುವುದೇ ಇಲ್ಲ, ಅದು ನನಗೆ ಗೊತ್ತು. ಆದರೆ 1839ರ ಪತ್ರಿಕೆಗಳು ಪದದ ಪಕ್ಕದಲ್ಲೇ ಬಿಡಿಸಿ ಬರೆದು, ಇದು ‘ಆಲ್ ಕರೆಕ್ಟ್’ ಅಂತ ತಾವೇ ಹೇಳುತ್ತಿವೆ. ಅದರ ಸುತ್ತ ಅದೇ ಥರದ ಹತ್ತಾರು ಒಡಹುಟ್ಟುಗಳಿವೆ. ಅಷ್ಟು ಗಟ್ಟಿ ಸಾಕ್ಷಿಯನ್ನು ಬಿಡಲು ನನಗೆ ಮನಸ್ಸಿಲ್ಲ.

ಹಳೆ ಕಾಗದ ಓದುವಾಗ ಎಷ್ಟು ಹುಷಾರಾಗಿರಬೇಕು ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. 1790ರ ಅಕ್ಟೋಬರ್ 6ರ ಒಂದು ಕೋರ್ಟ್ ದಾಖಲೆ ಟೆನೆಸ್ಸಿ ಕಡೆ ಇದೆ. ಅದರಲ್ಲೂ ಇದೇ ಆಂಡ್ರ್ಯೂ ಜಾಕ್ಸನ್ ಬರುತ್ತಾರೆ, ಆಗ ಅವರು ವಕೀಲರು. ಒಂದು ಕ್ರಯಪತ್ರವನ್ನು ಕೋರ್ಟ್ ಮುಂದೆ ಸಾಬೀತು ಮಾಡಿದರು, ಅದು ‘ಓ.ಕೆ.’ ಆಯಿತು ಅಂತ 19ನೇ ಶತಮಾನದ ಚರಿತ್ರೆಕಾರರು ಓದಿದ್ದರು. ಹಾಗಿದ್ದರೆ 1839ರ ಮಾತೇ ಬಿದ್ದುಹೋಗುತ್ತದೆ. ಆದರೆ ಮೂಲ ಕಾಗದ ನೋಡಿದಾಗ ಆ ಎರಡನೇ ಅಕ್ಷರ ಕೆ ಅಲ್ಲ, ಆರ್. ಓ.ಆರ್., ಅಂದರೆ ‘ಆರ್ಡರ್ಡ್ ರೆಕಾರ್ಡೆಡ್’, ದಾಖಲಿಸಲು ಆಜ್ಞೆಯಾಗಿದೆ ಅಂತ. ಕೈಬರಹದಲ್ಲಿ ಆರ್ ಅಕ್ಷರದ ಕಾಲು ಸ್ವಲ್ಪ ಹೊರಗೆ ಚಾಚಿದರೆ ಕೆ ಥರಾನೇ ಕಾಣುತ್ತದೆ. ನಮ್ಮ ಹಳೆ ಪತ್ರಗಳಲ್ಲಿ ಪ, ಷ ಎರಡನ್ನೂ ಬಿಡಿಸಲು ಒದ್ದಾಡಿದವರಿಗೆ ಇದು ಅರ್ಥವಾಗುತ್ತದೆ.

ಆ ಕ್ರಯಪತ್ರ ಯಾವುದರದ್ದು ಅಂದರೆ, ಒಬ್ಬ ಕಪ್ಪು ಮನುಷ್ಯನನ್ನು ಒಬ್ಬ ಇನ್ನೊಬ್ಬನಿಗೆ ಮಾರಿದ್ದಕ್ಕೆ. ಮಾರಿದವನ ಹೆಸರಿದೆ, ಕೊಂಡವನ ಹೆಸರಿದೆ. ಮಾರಾಟವಾದವನ ಹೆಸರಿಲ್ಲ. ಎರಡಕ್ಷರಕ್ಕಾಗಿ ನೂರಾರು ಜನ ಆ ಸಾಲನ್ನು ಓದಿದ್ದಾರೆ. ನಾನೂ ಮೊದಲ ಸಲ ಓದಿದಾಗ ಅಕ್ಷರವನ್ನಷ್ಟೇ ನೋಡಿದ್ದೆ. ಎರಡನೇ ಸಲ ಆ ಮನುಷ್ಯ ಕಂಡ. ಅದಕ್ಕೇ ಹೇಳಿದ್ದು, ಸಾಲನ್ನು ಇಡಿಯಾಗಿ ಓದಿ ಅಂತ.

ಇದನ್ನೆಲ್ಲ ಹುಡುಕಿ ತೆಗೆದವರು ಆಲನ್ ವಾಕರ್ ರೀಡ್. ಹುಟ್ಟಿದ್ದು 1906ರಲ್ಲಿ, ತೀರಿಕೊಂಡದ್ದು 2002ರಲ್ಲಿ. ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರು. 1941ರಲ್ಲಿ ಅವರು ಓಲ್ಡ್ ಕಿಂಡರ್‌ಹುಕ್ ಕ್ಲಬ್‌ನವರೆಗೆ ತಲುಪಿ ಬರೆದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮುಗಿಸುತ್ತಿದ್ದರು. ರೀಡ್ ಬಿಡಲಿಲ್ಲ. ಹುಡುಕುತ್ತಾ ಇನ್ನೊಂದು ವರ್ಷ ಹಿಂದಕ್ಕೆ ಹೋದರು. ಆ ಬಾಸ್ಟನ್ ಸಾಲನ್ನು, ಅದರ ಸುತ್ತಲಿನ ಇಡೀ ಹುಚ್ಚನ್ನು 1963 ಮತ್ತು 64ರಲ್ಲಿ ಸರಣಿ ಲೇಖನಗಳಾಗಿ ಪ್ರಕಟಿಸಿದರು. ಆಗ ಕಂಪ್ಯೂಟರ್‌ನಲ್ಲಿ ಪದ ಒತ್ತಿ ಹುಡುಕುವ ಹಾಗಿರಲಿಲ್ಲ. ಪುಟ ತಿರುವಬೇಕು, ಕಣ್ಣಲ್ಲಿ ಓದಬೇಕು. ಒಂದು ಪುಟದ ತುಂಬ ಇರುವೆ ಸಾಲಿನಂಥ ಅಕ್ಷರ. ಅದರಲ್ಲಿ ಸಣ್ಣಕ್ಷರದ ಒಂದು ಓ, ಒಂದು ಕೆ.

ಇನ್ನು ಆ ಪಕ್ಕದ ಅರ್ಥದ ವಿಷಯ. ಅದು ಎಲ್ಲಿಗೆ ಹೋಯಿತು? ವರ್ಷಗಳು ಕಳೆದಂತೆ ಮೊದಲು ಅಡ್ಡಗೆರೆ, ಕಂಸ ಹೋದವು. ಆಮೇಲೆ ಅರ್ಥ ಹೋಯಿತು. ಆಮೇಲೆ ಚುಕ್ಕಿಗಳೂ ಹೋದವು. ಒಂದೊಂದೇ ಊರುಗೋಲನ್ನು ಬಿಸಾಡಿ ಪದ ತಾನೇ ನಡೆಯಲು ಕಲಿಯಿತು. ಕನ್ನಡಕ್ಕೆ ಬಂದ ಮೇಲೆ ನಾವು ಅದಕ್ಕೆ ‘ನಾ’ ಸೇರಿಸಿ ಓಕೆನಾ ಮಾಡಿದೆವು, ‘ಆಯ್ತು’ ಸೇರಿಸಿ ಓಕೆ ಆಯ್ತು ಮಾಡಿದೆವು. ಅದು ಅಕ್ಷರಗಳ ಜೋಡಿ ಅನ್ನುವುದೇ ನಮ್ಮ ಕಿವಿಗೆ ಮರೆತುಹೋಗಿದೆ.

ಇಂಥದ್ದೇ ಒಂದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. 2020ರ ಮಾರ್ಚ್ ನೆನಪಿಸಿಕೊಳ್ಳಿ. ‘ಕ್ವಾರಂಟೈನ್’ ಅನ್ನುವ ಪದ ಸುದ್ದಿಯಲ್ಲಿ ಬಂದಾಗ ಜೊತೆಗೆ ವಿವರಣೆಯೂ ಬರುತ್ತಿತ್ತು, ಪ್ರತ್ಯೇಕವಾಗಿ ಇರಿಸುವುದು ಅಂತ. ಆಮೇಲೆ ಹೋಮ್ ಕ್ವಾರಂಟೈನ್ ಬಂತು. ಕೆಲವೇ ವಾರದಲ್ಲಿ ‘ಆ ಮನೆಯವರು ಕ್ವಾರಂಟೈನ್ ಆಗಿದ್ದಾರೆ’ ಅಂತ ಅಜ್ಜಿಯಂದಿರೂ ಹೇಳತೊಡಗಿದರು. ವಿವರಣೆ ಯಾವ ದಿನ ಬಿದ್ದುಹೋಯಿತು, ಯಾವ ಪುಟದಲ್ಲಿ? ಅದು ಪತ್ರಿಕೆಗಳಲ್ಲಿ ಇದ್ದೇ ಇದೆ. ದಿನಾಂಕದ ಪ್ರಕಾರ ಜೋಡಿಸಿ, ಒಂದೊಂದೇ ಪುಟ ತಿರುವಿದರೆ ಸಿಗುತ್ತದೆ.

ನಮ್ಮ ಮನೆಯ ಅಟ್ಟದಲ್ಲಿ ಆ ವರ್ಷದ ಮಾರ್ಚ್, ಏಪ್ರಿಲ್, ಮೇ ತಿಂಗಳ ಕಟ್ಟುಗಳಿವೆ. ಗೆದ್ದಲು ಬರದಿರಲಿ ಅಂತ ಬೇವಿನ ಸೊಪ್ಪು ಇಟ್ಟಿದ್ದೇನೆ. ರದ್ದಿಯವನು ಎರಡು ಸಲ ಕೇಳಿದ, ಕೊಟ್ಟಿಲ್ಲ. ನಿಮ್ಮಲ್ಲಿ ಯಾರಾದರೂ ವಿದ್ಯಾರ್ಥಿಗಳು ಬರುವುದಾದರೆ ಏಣಿ ನಾನೇ ಹಿಡಿಯುತ್ತೇನೆ.